‘ಆಯ್ತು, ಕೊಡಿ’ ಎಂದ ಗಳಿಗೆ

ಮೂಡಲಪಾಳ್ಯದ ಯಾವುದೋ ಅಡ್ಡರಸ್ತೆ. ಮನೆಯೊಂದರ ಗೇಟಿನ ಪಕ್ಕ ಸ್ಕೂಟರ್ ನಿಂತಿದೆ. ಅದಕ್ಕೆ ‘ಮಾರಾಟಕ್ಕಿದೆ’ ಎಂಬ ಚೀಟಿ ಅಂಟಿಸಿ, ಕೆಳಗೊಂದು ಫೋನ್ ನಂಬರ್ ಬರೆದಿದ್ದಾರೆ. ನೀವು ಫೋನ್ ಮಾಡುತ್ತೀರಿ.

‘ಸಾರ್, ಗಾಡಿ ಎಷ್ಟು ಹೇಳ್ತಿದೀರಾ?’

‘ನಲವತ್ತು ಸಾವಿರಕ್ಕೆ ಕೊಡ್ತೀನಿ. ಬೇಕಿದ್ರೆ ಭಾನುವಾರದ ತನಕ ನಿಮಗೇ ಅಂತ ಇಟ್ಟಿರ್ತೀನಿ.’

‘ಮೂವತ್ತೈದಕ್ಕೆ ಕೊಡಿ ಸಾರ್, ಈಗಲೇ ಬರ್ತೀನಿ.’

‘ಇಲ್ಲಪ್ಪ, ಆಗಲ್ಲ.’

ಮನೆಯಲ್ಲಿ ಮಾತಾಡಿ, ದುಡ್ಡು ಹೊಂದಿಸಿ, ಶನಿವಾರ ಬೆಳಿಗ್ಗೆ ‘ಆಯ್ತು ಸಾರ್, ನಲವತ್ತಕ್ಕೇ ತಗೊಳ್ತೀನಿ’ ಎಂದು ವಾಟ್ಸ್‌ಆ್ಯಪ್ ಮಾಡುತ್ತೀರಿ. ‘ನಿನ್ನೆ ರಾತ್ರಿನೇ ಬೇರೆಯವರಿಗೆ ಕೊಟ್ಬಿಟ್ಟೆ’ ಎಂದು ಉತ್ತರ ಬರುತ್ತದೆ. ಭಾನುವಾರದ ತನಕ ಇಟ್ಟಿರುತ್ತೇನೆ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರಲ್ಲ! ಮಾತಿಗೆ ತಪ್ಪಿದರು ಎಂದು ನಿಮಗೆ ಸಿಟ್ಟು ಬರುವುದು ಸಹಜ. ಆದರೆ ಕಾನೂನಿನ ಪ್ರಕಾರ ಅವರು ನಿಮಗೆ ಏನನ್ನೂ ಕೊಡಬೇಕಾಗಿಲ್ಲ. ಅದಕ್ಕೆ ಒಂದಲ್ಲ, ಎರಡು ಕಾರಣಗಳಿವೆ. ಆ ಎರಡನ್ನೂ ತಿಳಿದುಕೊಂಡರೆ ಮುಂದಿನ ಸಲ ನೀವು ಫೋನಿನಲ್ಲಿ ಆಡುವ ಮಾತೇ ಬೇರೆಯಾಗಿರುತ್ತದೆ.

ಹೆಸರಿನಲ್ಲಿ ಮೂಡಲ ಇದ್ದರೂ ಬೆಂಗಳೂರಿನ ಪಡುವಣ ದಿಕ್ಕಿಗಿರುವ ಈ ಬಡಾವಣೆಯಿಂದ ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆಗೆ ಆಟೋದಲ್ಲಿ ಸ್ವಲ್ಪ ಹೊತ್ತಿನ ದಾರಿ. ಅಲ್ಲಿ ಮಕ್ಕಳು ಪರೀಕ್ಷೆಗೆಂದು ಓದುವ ಪ್ರಸ್ತಾವ, ಅಂಗೀಕಾರ, ಹಿಂತೆಗೆತಗಳ ಪಾಠವನ್ನು ಇಲ್ಲಿನ ಜನ ದಿನವೂ ಬೀದಿಯಲ್ಲಿ ನಡೆಸುತ್ತಾರೆ, ಹೆಸರು ಗೊತ್ತಿಲ್ಲದೆ.

ಕಾನೂನು ಯಾವುದು?

ಎರಡು ಕಾಯ್ದೆ ನೆನಪಿಟ್ಟರೆ ಸಾಕು. ಒಂದು, 1872ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ಭಾರತೀಯ ಕರಾರು ಕಾಯ್ದೆ. ಇನ್ನೊಂದು, 1930ರ ಸರಕು ಮಾರಾಟ ಕಾಯ್ದೆ. ಮೊದಲನೆಯದು ಹುಟ್ಟಿದ್ದು ಕಾಗದ ಮತ್ತು ತಂತಿಯ ಕಾಲದಲ್ಲಿ. ತಂತಿ ಸೇವೆ 2013ರ ಜುಲೈನಲ್ಲಿ ಮುಚ್ಚಿಹೋಯಿತು. ಕಾಯ್ದೆ ಮಾತ್ರ ಉಳಿಯಿತು, ನಿಮ್ಮ ವಾಟ್ಸ್‌ಆ್ಯಪ್ ಮಾತುಕತೆಯನ್ನೂ ಅದೇ ಆಳುತ್ತಿದೆ.

ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಬಹಳ ಜನ ತಪ್ಪು ತಿಳಿದಿರುವುದು ಇಲ್ಲೇ. ಸಾಮಾನು ಮಾರಾಟದ ಕರಾರಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ, ಸಹಿ ಬೇಕಿಲ್ಲ, ಸಾಕ್ಷಿ ಬೇಕೆಂಬ ನಿಯಮವೂ ಇಲ್ಲ. ಬಾಯಿಮಾತು ಸಾಕು. ಬರವಣಿಗೆ ಬೇಕಾಗುವುದು ಕರಾರು ಹುಟ್ಟಲು ಅಲ್ಲ, ಹುಟ್ಟಿತ್ತು ಎಂದು ನಾಳೆ ತೋರಿಸಲು. ಸೈಟು, ಮನೆಯ ವ್ಯವಹಾರ ಬೇರೆ. ಅದಕ್ಕೆ ನೋಂದಣಿಯ ಕಟ್ಟುಪಾಡುಗಳಿವೆ, ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಈ ಲೇಖನ ಸ್ಕೂಟರ್, ಫ್ರಿಜ್, ಮಂಚ, ಸೀರೆ, ಮೊಬೈಲುಗಳಂಥ ಸರಕಿನ ಮಟ್ಟಿಗೆ.

ಬೆಲೆ ಹೇಳಿದ್ದೆಲ್ಲ ಪ್ರಸ್ತಾವವಲ್ಲ

‘ನೀನು ಒಪ್ಪಿದರೆ ನಾನು ಇಂತಿಷ್ಟಕ್ಕೆ ಕೊಡುತ್ತೇನೆ’ ಎಂದು ಒಬ್ಬರು ತಮ್ಮನ್ನು ಕಟ್ಟಿಕೊಳ್ಳಲು ಸಿದ್ಧರಾಗಿ ಆಡುವ ಮಾತು ಪ್ರಸ್ತಾವ. ಅದಕ್ಕೆ ‘ಆಯ್ತು’ ಎನ್ನುವುದು ಅಂಗೀಕಾರ. ಎರಡೂ ಕೂಡಿದ ಗಳಿಗೆಯಲ್ಲಿ ಕರಾರು ಹುಟ್ಟುತ್ತದೆ. ಕೇಳಲು ಸರಳವಾಗಿದೆ. ತೊಡಕು ಇರುವುದು, ಬೆಲೆಯ ಬಗ್ಗೆ ಆಡಿದ ಮಾತೆಲ್ಲ ಪ್ರಸ್ತಾವವಾಗುವುದಿಲ್ಲ ಎಂಬಲ್ಲಿ.

ಇದನ್ನು ದೇಶಕ್ಕೆಲ್ಲ ತೋರಿಸಿಕೊಟ್ಟ ಪ್ರಕರಣ ನಮ್ಮ ಮಡಿಕೇರಿಯದು. ಅಲ್ಲಿ ‘ಮಾರ್ವೆನ್ ಲಾಡ್ಜ್’ ಎಂಬ ಬಂಗಲೆ ಇತ್ತು. ಮಾಲೀಕ ಕರ್ನಲ್ ಮ್ಯಾಕ್‌ಫರ್ಸನ್ ಊರಿನಲ್ಲಿರಲಿಲ್ಲ, ವ್ಯವಹಾರ ನೋಡಿಕೊಳ್ಳಲು ಇಲ್ಲೊಬ್ಬರಿದ್ದರು. ಕೊಳ್ಳಲು ಬಂದವರು ಅಪ್ಪಣ್ಣ. ಬೆಲೆಯ ಮಾತು ನಡೆಯುವಾಗ ಮಾಲೀಕರಿಂದ ತಂತಿಯಲ್ಲಿ ಉತ್ತರ ಬಂತು: ಹತ್ತು ಸಾವಿರ ರೂಪಾಯಿಗೆ ಕಡಿಮೆಯಾದರೆ ಒಪ್ಪುವುದಿಲ್ಲ. ಅಪ್ಪಣ್ಣ ಹತ್ತು ಸಾವಿರಕ್ಕೆ ಒಪ್ಪಿದರು. ಅಷ್ಟರಲ್ಲಿ ಇನ್ನೊಬ್ಬರು ಹನ್ನೊಂದು ಸಾವಿರ ಕೊಡುತ್ತೇವೆಂದರು, ಬಂಗಲೆ ಅವರ ಪಾಲಾಯಿತು. ಅಪ್ಪಣ್ಣ ಕೋರ್ಟಿಗೆ ಹೋಗಿ ಕೆಳಗಿನ ಹಂತದಲ್ಲಿ ಗೆದ್ದರು. ಆದರೆ 1951ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಿರುಗಿಸಿತು.

‘ಹತ್ತಕ್ಕೆ ಕಡಿಮೆ ಒಪ್ಪುವುದಿಲ್ಲ’ ಎಂದರೆ ‘ಹತ್ತಕ್ಕೆ ಕೊಡುತ್ತೇನೆ’ ಎಂದಂತಲ್ಲ ಎಂಬುದು ಆ ತೀರ್ಪಿನ ತಿರುಳು. ಮೊದಲನೆಯದು ‘ನಿಮ್ಮ ಬೆಲೆ ಹೇಳಿ, ಇದಕ್ಕೆ ಕೆಳಗೆ ಬೇಡ’ ಎಂಬ ಕರೆ. ಅದಕ್ಕೆ ಉತ್ತರವಾಗಿ ನೀವು ಹತ್ತು ಎಂದರೆ ಅದು ಅಂಗೀಕಾರವಲ್ಲ, ನಿಮ್ಮ ಕಡೆಯ ಪ್ರಸ್ತಾವ. ಅದನ್ನು ಒಪ್ಪುವುದೂ ಬಿಡುವುದೂ ಮಾರುವವರ ಕೈಯಲ್ಲಿ.

ಈಗ ನಮ್ಮ ಬೀದಿಯ ಮಾತನ್ನು ಇದೇ ಜರಡಿಯಲ್ಲಿ ಹಾಕಿ ನೋಡಿ. ‘ನಲವತ್ತು ಹೇಳ್ತಿದೀನಿ’, ‘ಮೂವತ್ತೆಂಟರ ಕೆಳಗೆ ಇಲ್ಲ’, ‘ಕೊನೇ ರೇಟು ಮೂವತ್ತೆಂಟು’, ‘ನೀವೇ ಒಂದು ಬೆಲೆ ಹೇಳಿ’, ‘ಬೋಣಿ ಟೈಮು, ನೋಡಿ ಕೊಡಿ’ ಎಂಬುವೆಲ್ಲ ಹೆಚ್ಚಿನ ಸಂದರ್ಭಗಳಲ್ಲಿ ಕರೆಗಳು. ‘ಮೂವತ್ತೆಂಟಕ್ಕೆ ಕೊಡ್ತೀನಿ, ತಗೊಳ್ಳಿ’ ಎಂಬುದು ಪ್ರಸ್ತಾವ. ಹಾಗಾಗಿ ಕೊಳ್ಳುವವರು ಮಾಡಬೇಕಾದ ಮೊದಲ ಕೆಲಸ, ಮಾರುವವರ ಬಾಯಿಂದ ‘ಕೊಡ್ತೀನಿ’ ಎಂಬ ಕ್ರಿಯಾಪದ ಹೊರಡಿಸುವುದು. ‘ಹಾಗಾದರೆ ಮೂವತ್ತೆಂಟಕ್ಕೆ ಕೊಡ್ತೀರಿ ಅಂತಾಯ್ತಲ್ಲ?’ ಎಂದು ಕೇಳಿ. ‘ಹೂಂ, ಕೊಡ್ತೀನಿ’ ಎಂದರೆ ನೀವು ಹಿಡಿಯಬಹುದಾದ ಮಾತು ಸಿಕ್ಕಿತು.

ಅಂಗಡಿಯ ಕಪಾಟಿನಲ್ಲಿ ಬೆಲೆಚೀಟಿ ಹಚ್ಚಿ ಇಟ್ಟಿರುವುದೂ ಕರೆಯೇ. ವಿಜಯನಗರದ ಸೂಪರ್‌ಮಾರ್ಕೆಟ್ಟಿನಲ್ಲಿ ನೀವು ಸಾಮಾನನ್ನು ಬುಟ್ಟಿಗೆ ಹಾಕಿಕೊಂಡ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಕೌಂಟರಿಗೆ ತಂದಿಟ್ಟಾಗ ನೀವು ಪ್ರಸ್ತಾವ ಮಾಡುತ್ತೀರಿ, ಬಿಲ್ಲಿಗೆ ಹಾಕಿಕೊಂಡಾಗ ಅವರು ಒಪ್ಪುತ್ತಾರೆ. ಇಂಗ್ಲೆಂಡಿನ ಔಷಧದಂಗಡಿಯೊಂದರ ಪ್ರಕರಣದಲ್ಲಿ 1953ರಲ್ಲಿ ಹೀಗೆ ತೀರ್ಮಾನವಾಯಿತು. ಇದರಿಂದ ನಿಮಗೂ ಅನುಕೂಲವಿದೆ, ಕೌಂಟರಿನ ತನಕ ಯಾವ ಸಾಮಾನನ್ನಾದರೂ ವಾಪಸ್ ಇಡಬಹುದು. ಹಾಗೆಂದು ಅಂಗಡಿಯವರು ಬೇಕೆಂದೇ ಕಡಿಮೆ ಬೆಲೆಯ ಬೋರ್ಡು ಹಾಕಿ ಒಳಗೆ ಹೆಚ್ಚು ಕೇಳುವಂತಿಲ್ಲ. ಅದು ಗ್ರಾಹಕ ಕಾನೂನಿನ ಪ್ರಕಾರ ತಪ್ಪು. ಪೊಟ್ಟಣದ ಮೇಲೆ ಅಚ್ಚಾದ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದೂ ತಪ್ಪು.

‘ಮೂವತ್ತೈದಕ್ಕೆ ಕೊಡಿ’ ಎಂದಾಗ ಏನಾಯಿತು?

ಸ್ಕೂಟರ್ ಕಥೆಗೆ ಬರೋಣ. ಮಾರುವವರು ‘ನಲವತ್ತಕ್ಕೆ ಕೊಡ್ತೀನಿ’ ಎಂದೇ ಹೇಳಿದ್ದರು. ಅದು ಪ್ರಸ್ತಾವ. ನೀವು ‘ಮೂವತ್ತೈದಕ್ಕೆ ಕೊಡಿ’ ಎಂದಿರಿ. ಕರಾರು ಕಾಯ್ದೆಯ 7ನೇ ಕಲಂ ಪ್ರಕಾರ ಅಂಗೀಕಾರವೆಂದರೆ ಪೂರ್ತಿಯಾಗಿ, ಷರತ್ತಿಲ್ಲದೆ ಒಪ್ಪುವುದು. ಬೆಲೆ ಬದಲಿಸಿ ಹೇಳಿದರೆ ಅದು ಒಪ್ಪಿಗೆಯಲ್ಲ, ಎದುರು ಪ್ರಸ್ತಾವ. ಎದುರು ಪ್ರಸ್ತಾವ ಬಂದ ಕೂಡಲೇ ಮೊದಲಿನ ಪ್ರಸ್ತಾವ ಬಿದ್ದುಹೋಗುತ್ತದೆ. 1840ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬರು ಸಾವಿರ ಪೌಂಡಿಗೆ ಕೊಡುತ್ತೇನೆಂದ ಜಮೀನನ್ನು ಇನ್ನೊಬ್ಬರು 950ಕ್ಕೆ ಕೇಳಿ, ಅವರು ಒಪ್ಪದಿದ್ದಾಗ ‘ಸರಿ, ಸಾವಿರಕ್ಕೇ ಒಪ್ಪಿದೆ’ ಎಂದರು. ಕರಾರು ಆಗಲಿಲ್ಲ ಎಂದಿತು ಕೋರ್ಟು. ನೀವು ಮೂವತ್ತೈದು ಎಂದ ಕ್ಷಣದಲ್ಲೇ ನಲವತ್ತರ ಬಾಗಿಲನ್ನು ನೀವೇ ಮುಚ್ಚಿದಿರಿ. ಶನಿವಾರ ನೀವು ಕಳಿಸಿದ ‘ನಲವತ್ತಕ್ಕೇ ತಗೊಳ್ತೀನಿ’ ಎಂಬುದು ಹೊಸದಾಗಿ ನೀವು ಮಾಡಿದ ಪ್ರಸ್ತಾವ. ಇದು ಮೊದಲ ಕಾರಣ.

ಚೌಕಾಸಿ ಮಾಡದೆ ಸೆಕೆಂಡ್‌ಹ್ಯಾಂಡ್ ಸಾಮಾನು ಕೊಳ್ಳುವವರು ಯಾರಿದ್ದಾರೆ? ದಾರಿ ಇದೆ, ಅದು ಕನ್ನಡದ ವಾಕ್ಯರಚನೆಯಲ್ಲೇ ಇದೆ. ‘ಮೂವತ್ತೈದಕ್ಕೆ ಕೊಡಿ’ ಎನ್ನಬೇಡಿ. ‘ಬೆಲೆಯಲ್ಲಿ ಸ್ವಲ್ಪ ಏನಾದರೂ ಕಡಿಮೆ ಆಗುತ್ತಾ ಸಾರ್? ಆಗದಿದ್ರೂ ನಿಮ್ಮ ನಲವತ್ತರ ಮಾತು ಯೋಚಿಸ್ತಿದೀನಿ’ ಎಂದು ಕೇಳಿ. ಇದು ವಿಚಾರಣೆ ಮಾತ್ರ, ಎದುರು ಪ್ರಸ್ತಾವವಲ್ಲ. ವಿಚಾರಿಸಿದ್ದರಿಂದ ಮೊದಲಿನ ಪ್ರಸ್ತಾವ ಬೀಳುವುದಿಲ್ಲ ಎಂದು 1880ರಷ್ಟು ಹಿಂದೆಯೇ ಕಬ್ಬಿಣ ಮಾರಾಟದ ಪ್ರಕರಣವೊಂದರಲ್ಲಿ ಇಂಗ್ಲೆಂಡಿನ ಕೋರ್ಟು ಹೇಳಿದೆ. ‘ಕೊಡಿ’ಗೂ ‘ಆಗುತ್ತಾ’ಗೂ ಇರುವ ಈ ಅಂತರವನ್ನು ನನ್ನ ಮಟ್ಟಿಗೆ ಈ ಇಡೀ ಲೇಖನದ ಅತಿ ಬೆಲೆಬಾಳುವ ಮಾಹಿತಿ ಎಂದು ತಿಳಿದಿದ್ದೇನೆ.

ತರಕಾರಿ ಗಾಡಿಯ ಮುಂದೆ ನಾವು ಮಾಡುವ ಆಟ ನೆನಪಿಸಿಕೊಳ್ಳಿ. ಬೆಲೆ ಹೊಂದಲಿಲ್ಲವೆಂದು ನಾಲ್ಕು ಹೆಜ್ಜೆ ನಡೆದುಬಿಡುತ್ತೇವೆ. ಅಲ್ಲಿಗೆ ಹಳೆಯ ಮಾತು ಮುಗಿಯಿತು. ‘ಬನ್ನಿ ಅಮ್ಮ, ತಗೊಳ್ಳಿ’ ಎಂದು ಗಾಡಿಯವರು ಕೂಗಿದರೆ ಅದು ಹೊಸ ಪ್ರಸ್ತಾವ, ನೀವು ಚೀಲ ಚಾಚಿದರೆ ಅಂಗೀಕಾರ. ಕೂಗದಿದ್ದರೆ ನೀವು ತಿರುಗಿ ಹೋಗಿ ಹಳೆಯ ಬೆಲೆಗೆ ಹಕ್ಕು ಸಾಧಿಸುವಂತಿಲ್ಲ. ಒಂದು ಮಾತೂ ಆಡದೆ, ತೂಗಿ ಚೀಲಕ್ಕೆ ಸುರಿದ ಮಾತ್ರಕ್ಕೇ ಒಪ್ಪಿಗೆಯಾಗುವುದನ್ನು ಕಾಯ್ದೆ ಮಾನ್ಯ ಮಾಡುತ್ತದೆ.

‘ಭಾನುವಾರದ ತನಕ ಇಟ್ಟಿರ್ತೀನಿ’ ಎಂಬ ಮಾತಿನ ಬೆಲೆ

ಎರಡನೆಯ ಕಾರಣ ಇದು. ಕರಾರು ಕಾಯ್ದೆಯ 5ನೇ ಕಲಂ ಪ್ರಕಾರ ಪ್ರಸ್ತಾವ ಮಾಡಿದವರು, ಅದಕ್ಕೆ ಒಪ್ಪಿಗೆ ಹೊರಡುವ ತನಕ ಯಾವಾಗ ಬೇಕಾದರೂ ಅದನ್ನು ಹಿಂತೆಗೆದುಕೊಳ್ಳಬಹುದು. ಭಾನುವಾರದ ತನಕ ಎಂದಿದ್ದರೂ ಶುಕ್ರವಾರವೇ ಹಿಂತೆಗೆಯಬಹುದು. ಏಕೆ? ಭಾನುವಾರದ ತನಕ ಕಾಯುತ್ತೇನೆ ಎಂಬುದು ಪ್ರತ್ಯೇಕ ವಾಗ್ದಾನ, ಅದಕ್ಕೆ ಬದಲಾಗಿ ನೀವು ಏನನ್ನೂ ಕೊಟ್ಟಿಲ್ಲ. ಪ್ರತಿಫಲವಿಲ್ಲದ ವಾಗ್ದಾನ ಸಾಮಾನ್ಯವಾಗಿ ಕಾನೂನಿನಲ್ಲಿ ನಿಲ್ಲುವುದಿಲ್ಲ (25ನೇ ಕಲಂ).

ಹಾಗಾದರೆ ಪ್ರತಿಫಲ ಕೊಡಿ. ‘ಭಾನುವಾರ ಸಂಜೆ ತನಕ ಬೇರೆಯವರಿಗೆ ಕೊಡದೆ ಇಟ್ಟಿರೋದಕ್ಕೆ ಈ 500 ರೂಪಾಯಿ’ ಎಂದು ಸ್ಪಷ್ಟವಾಗಿ ಬರೆದು ಕಳಿಸಿ. ಈಗ ಕಾಯುವ ಮಾತೇ ಒಂದು ಕರಾರಾಯಿತು. ಮೊತ್ತ ಚಿಕ್ಕದಾದರೂ ಪರವಾಗಿಲ್ಲ.

ಇಲ್ಲಿ ಮಾರುವವರಿಗೂ ಒಂದು ಎಚ್ಚರಿಕೆ ಇದೆ. ಹಿಂತೆಗೆತ ನಿಮ್ಮ ಮನಸ್ಸಿನಲ್ಲಿ ಆದರೆ ಸಾಲದು, ಎದುರಿನವರಿಗೆ ತಿಳಿಯಬೇಕು. ಸ್ಕೂಟರನ್ನು ಶುಕ್ರವಾರ ರಾತ್ರಿ ಇನ್ನೊಬ್ಬರಿಗೆ ಕೊಟ್ಟಿರಿ, ಮೊದಲು ಕೇಳಿದವರಿಗೆ ತಿಳಿಸಲಿಲ್ಲ, ಅವರು ಎದುರು ಬೆಲೆ ಹೇಳದೆ ಶನಿವಾರ ಬೆಳಿಗ್ಗೆ ನೇರವಾಗಿ ‘ನಲವತ್ತಕ್ಕೆ ಒಪ್ಪಿದೆ’ ಎಂದರು ಎಂದಿಟ್ಟುಕೊಳ್ಳಿ. ಆಗ ನೀವು ಒಂದೇ ಗಾಡಿಯನ್ನು ಇಬ್ಬರಿಗೆ ಮಾರಿದಂತಾಗಿ, ಒಬ್ಬರಿಗೆ ನಷ್ಟ ತುಂಬಿಕೊಡಬೇಕಾದೀತು. ಪಕ್ಕದ ಮನೆಯವರಿಂದ ಸುದ್ದಿ ಮುಟ್ಟಿರುತ್ತದೆ ಎಂದುಕೊಂಡು ಸುಮ್ಮನಿರಬೇಡಿ. ನೋಟಿಸನ್ನು ಪ್ರಸ್ತಾವ ಮಾಡಿದವರೇ ಕೊಡಬೇಕು ಎಂಬುದು 6ನೇ ಕಲಮಿನ ಮಾತಿನ ಧಾಟಿ.

ಹಿಂತೆಗೆಯದಿದ್ದರೂ ಪ್ರಸ್ತಾವ ತಾನಾಗಿ ಸಾಯುವ ಸಂದರ್ಭಗಳಿವೆ: ಹೇಳಿದ ಗಡುವು ಮುಗಿದರೆ, ಗಡುವೇ ಹೇಳದಿದ್ದಾಗ ನ್ಯಾಯವಾದಷ್ಟು ಸಮಯ ಕಳೆದರೆ, ಹಾಕಿದ್ದ ಷರತ್ತು ಪೂರೈಸದಿದ್ದರೆ, ಪ್ರಸ್ತಾವ ಮಾಡಿದವರು ತೀರಿಕೊಂಡ ಸುದ್ದಿ ನೀವು ಒಪ್ಪುವ ಮೊದಲೇ ನಿಮಗೆ ತಿಳಿದರೆ. ನ್ಯಾಯವಾದ ಸಮಯ ಎಷ್ಟು ಎಂಬುದು ಸರಕಿನ ಮೇಲೆ ಹೋಗುತ್ತದೆ. ಟೊಮೆಟೊಗೆ ಒಂದು ದಿನವೇ ಹೆಚ್ಚು, ತೇಗದ ಮಂಚಕ್ಕೆ ವಾರ ಎರಡು ವಾರ ನಡೆದೀತು.

ಫೋನು, ವಾಟ್ಸ್‌ಆ್ಯಪ್, ಅಂಚೆ: ‘ಆಯ್ತು’ ತಲುಪುವುದು ಯಾವಾಗ?

ಅಂಚೆಯಲ್ಲಿ ಒಪ್ಪಿಗೆ ಕಳಿಸಿದರೆ, ಕಾಗದ ನಿಮ್ಮ ಕೈಬಿಟ್ಟು ಡಬ್ಬಿಗೆ ಬಿದ್ದ ಕೂಡಲೇ ಪ್ರಸ್ತಾವ ಮಾಡಿದವರು ಕಟ್ಟುಬೀಳುತ್ತಾರೆ. ನೀವು ಕಟ್ಟುಬೀಳುವುದು ಅದು ಅವರಿಗೆ ತಲುಪಿ ತಿಳಿದಾಗ. ಆ ನಡುವಿನ ಹೊತ್ತಿನಲ್ಲಿ ಫೋನ್ ಮಾಡಿ ‘ಬೇಡ’ ಎಂದು ಹೇಳುವ ಅವಕಾಶವನ್ನು ನಮ್ಮ ಕಾಯ್ದೆ ಒಪ್ಪಿದವರಿಗೆ ಕೊಟ್ಟಿದೆ.

ಫೋನಿನಲ್ಲಿ ಆ ನಡುವಿನ ಹೊತ್ತೇ ಇಲ್ಲ. 1965ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಹತ್ತಿಬೀಜದ ಹಿಂಡಿಯ ವ್ಯಾಪಾರವೊಂದು ಬಂತು. ಅಹಮದಾಬಾದಿನಿಂದ ಫೋನಿನಲ್ಲಿ ಪ್ರಸ್ತಾವ ಹೋಗಿತ್ತು, ಖಾಮ್‌ಗಾಂವ್‌ನಿಂದ ಒಪ್ಪಿಗೆ ಬಂದಿತ್ತು. ಒಪ್ಪಿಗೆ ಕಿವಿಗೆ ಬಿದ್ದ ಸ್ಥಳದಲ್ಲೇ, ಅಂದರೆ ಅಹಮದಾಬಾದಿನಲ್ಲೇ, ಕರಾರು ಹುಟ್ಟಿತು ಎಂದು ಬಹುಮತದ ತೀರ್ಪು ಹೇಳಿತು. ಅಂದಮೇಲೆ ಲೈನು ಕಡಿದು ನಿಮ್ಮ ‘ಆಯ್ತು’ ಕೇಳಿಸದಿದ್ದರೆ ಕರಾರಿಲ್ಲ. ಮತ್ತೆ ಫೋನ್ ಮಾಡಿ ಹೇಳಿ.

ಇಮೇಲ್, ಮೆಸೇಜುಗಳ ಮೂಲಕ ಆದ ಕರಾರು ಮಾಧ್ಯಮದ ಕಾರಣಕ್ಕೆ ಅಸಿಂಧುವಾಗುವುದಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ. 2010ರಲ್ಲಿ ಸುಪ್ರೀಂ ಕೋರ್ಟ್, ಹಡಗುಗಟ್ಟಲೆ ಬಾಕ್ಸೈಟ್ ಅದಿರಿನ ವ್ಯಾಪಾರವೊಂದು ಇಮೇಲುಗಳಲ್ಲೇ ಪಕ್ಕಾ ಆಗಿತ್ತೆಂದು ಒಪ್ಪಿತು. ಆದ್ದರಿಂದ ‘ಬರೀ ಮೆಸೇಜು ತಾನೆ’ ಎಂದು ಯಾರೂ ಹಗುರವಾಗಿ ತಿಳಿಯಬೇಡಿ. ಹೆಬ್ಬೆರಳೆತ್ತಿದ ಚಿತ್ರ ಕಳಿಸಿ ‘ನೋಡಿದೆ ಅಂತ ಹಾಕಿದ್ದು, ಒಪ್ಪಿದೆ ಅಂತಲ್ಲ’ ಎಂದು ಆಮೇಲೆ ವಾದಿಸುವ ಸ್ಥಿತಿ ತಂದುಕೊಳ್ಳಬೇಡಿ. ಒಪ್ಪಿದ್ದರೆ ‘ಒಪ್ಪಿದೆ’ ಎಂದು, ಇಲ್ಲದಿದ್ದರೆ ‘ಇನ್ನೂ ಯೋಚಿಸುತ್ತಿದ್ದೇನೆ’ ಎಂದು ಅಕ್ಷರದಲ್ಲಿ ಬರೆಯಿರಿ. ಕಳಿಸಿದ ಮೆಸೇಜನ್ನು ಅಳಿಸಿಹಾಕುವುದನ್ನೂ ಹಿಂತೆಗೆತ ಎಂದು ನೆಚ್ಚಬೇಡಿ. ಮನಸ್ಸು ಬದಲಾಗಿದ್ದರೆ ಅವರು ಒಪ್ಪುವ ಮೊದಲೇ ‘ನನ್ನ ಮಾತು ಹಿಂತೆಗೆದುಕೊಂಡಿದ್ದೇನೆ’ ಎಂದು ಬರೆದು, ಫೋನನ್ನೂ ಮಾಡಿ.

ಮೌನ ಸಮ್ಮತಿಯಲ್ಲ

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಮದುವೆ ಮಾತುಕತೆಯಲ್ಲಿ ಚೆನ್ನಾಗಿರಬಹುದು, ವ್ಯಾಪಾರದಲ್ಲಿ ನಡೆಯುವುದಿಲ್ಲ. ‘ನಾಳೆಯೊಳಗೆ ಉತ್ತರ ಬರದಿದ್ದರೆ ಒಪ್ಪಿದ್ದೀರಿ ಎಂದುಕೊಳ್ಳುತ್ತೇನೆ’ ಎಂದು ಯಾರಾದರೂ ಬರೆದರೆ ನೀವು ಉತ್ತರಿಸುವ ಹಂಗಿಲ್ಲ. 1862ರ ಇಂಗ್ಲೆಂಡಿನಲ್ಲಿ ಸೋದರನ ಮಗನ ಕುದುರೆಯನ್ನು ಹೀಗೇ ಕೊಳ್ಳಲು ಹೋದವರಿಗೆ ಕೋರ್ಟು ಇದನ್ನೇ ಹೇಳಿತು.

ಆದರೆ ಸೀರೆಗಂಟು ಹೊತ್ತು ಮನೆಮನೆಗೆ ಬರುವವರ ವ್ಯವಹಾರ ಬೇರೆ. ‘ಎರಡು ಇಟ್ಕೊಂಡಿರಿ ಅಕ್ಕ, ಇಷ್ಟ ಆಗದಿದ್ರೆ ಬುಧವಾರ ವಾಪಸ್ ಕೊಡಿ’ ಎಂದು ಬಿಟ್ಟು ಹೋಗುತ್ತಾರೆ, ನೀವು ಒಪ್ಪಿ ಇಟ್ಟುಕೊಳ್ಳುತ್ತೀರಿ. ಸರಕು ಮಾರಾಟ ಕಾಯ್ದೆಯ 24ನೇ ಕಲಂ ಪ್ರಕಾರ ಬುಧವಾರ ಕಳೆಯುವ ತನಕ ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಸೀರೆ ನಿಮ್ಮದಾಯಿತು, ಹಣ ಕೊಡಬೇಕು. ಅದನ್ನು ಉಟ್ಟುಕೊಂಡು ಮದುವೆಗೆ ಹೋದರಂತೂ ಬುಧವಾರ ಕಾಯಬೇಕಾಗಿಯೂ ಇಲ್ಲ. ಇಲ್ಲಿ ಮಾತಾಡುವುದು ನಿಮ್ಮ ಮೌನವಲ್ಲ, ಸರಕನ್ನು ಇಟ್ಟುಕೊಂಡ ನಿಮ್ಮ ನಡೆ.

ಹರಾಜಿನ ಬಗ್ಗೆ ಒಂದೇ ಮಾತು. ಗಣೇಶೋತ್ಸವದ ಪೆಂಡಾಲಿನಲ್ಲೋ, ದೇವಿಗೆ ಉಡಿಸಿದ ಸೀರೆ ಹರಾಜಿಗಿಟ್ಟಾಗಲೋ ನೀವು ಕೂಗುವ ಬೆಲೆ ನಿಮ್ಮ ಪ್ರಸ್ತಾವ. ‘ಮೂರು ಸಲ’ ಎಂದು ಮುಗಿಸುವ ಮೊದಲು ನೀವು ನಿಮ್ಮ ಕೂಗನ್ನು ವಾಪಸ್ ತೆಗೆದುಕೊಳ್ಳಬಹುದು (ಸರಕು ಮಾರಾಟ ಕಾಯ್ದೆಯ 64ನೇ ಕಲಂ). ಮುಗಿಸಿದ ಮೇಲೆ ಆಗದು.

ಕೊಳ್ಳುವವರು ಹೀಗೆ ಮಾಡಿ

1. ಮಾಲನ್ನು ಕಣ್ಣಾರೆ ನೋಡದೆ ‘ಆಯ್ತು’ ಎನ್ನಬೇಡಿ. ನೋಡುವ ತನಕ ‘ನೋಡಿ ಹೇಳ್ತೀನಿ’ ಎಂಬ ಮಾತೊಂದೇ ಇರಲಿ.

2. ಬೆಲೆ ವಿಚಾರಿಸುವಾಗ ಪ್ರಶ್ನೆ ಕೇಳಿ, ಅಂಕಿ ಹೇಳಬೇಡಿ. ಅಂಕಿ ಹೇಳಲೇಬೇಕಾದರೆ ಹಳೆಯ ಬೆಲೆ ಕೈತಪ್ಪಬಹುದೆಂದು ತಿಳಿದೇ ಹೇಳಿ.

3. ಬೆಲೆ ಕುದುರಿದ ಮೇಲೆ ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಬರೆದು ಕಳಿಸಿ. ಮಾದರಿ: ‘ನಿಮ್ಮ ಸ್ಕೂಟರನ್ನು (ನೋಂದಣಿ ಸಂಖ್ಯೆ ಬರೆಯಿರಿ) 38,000 ರೂಪಾಯಿಗೆ ಕೊಳ್ಳಲು ಸಿದ್ಧನಿದ್ದೇನೆ. ಒಪ್ಪಿಗೆಯಾದ ಕೂಡಲೇ 2,000 ಮುಂಗಡ ಕಳಿಸುತ್ತೇನೆ. ಉಳಿದ 36,000 ಶನಿವಾರ ಸಂಜೆ 6ರೊಳಗೆ, ಆರ್‌ಸಿ, ವಿಮೆ ಪತ್ರ ಮತ್ತು ಸಹಿ ಮಾಡಿದ, ಹೆಸರು ಬದಲಾವಣೆಯ ಫಾರಂ 29, 30 ಕೊಟ್ಟಾಗ. ನೀವು ಕೊಡದಿದ್ದರೆ ಮುಂಗಡ ಪೂರ್ತಿ ವಾಪಸ್. ನಾನು ಬಾರದಿದ್ದರೆ 500 ಹಿಡಿದುಕೊಂಡು ಉಳಿದದ್ದು ವಾಪಸ್. ಒಪ್ಪಿಗೆ ಇದ್ದರೆ ಇಂದು ರಾತ್ರಿ 9ರೊಳಗೆ ಒಪ್ಪಿದೆ ಎಂದು ಬರೆಯಿರಿ.’

4. ‘ಒಪ್ಪಿದೆ’ ಎಂಬ ಉತ್ತರ ಬಂದ ಮೇಲೇ ಮುಂಗಡ ಕಳಿಸಿ. ಯುಪಿಐನಲ್ಲಿ ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ‘ಸ್ಕೂಟರ್ ಮುಂಗಡ’ ಎಂದು ಬರೆಯಿರಿ. ಆ ಎರಡು ಪದ ಮುಂದೆ ಸಾಕ್ಷಿ ಹೇಳುತ್ತವೆ.

5. ‘ಒಪ್ಪಿದೆ, ಆದರೆ ಹೆಲ್ಮೆಟ್ ಕೊಡಲ್ಲ’ ಎಂದು ಉತ್ತರ ಬಂದರೆ ಅದು ಒಪ್ಪಿಗೆಯಲ್ಲ. ಈಗ ಚೆಂಡು ನಿಮ್ಮ ಅಂಗಳದಲ್ಲಿದೆ. ನೀವು ಮತ್ತೆ ‘ಸರಿ, ಹೆಲ್ಮೆಟ್ ಇಲ್ಲದೆ ಒಪ್ಪಿದೆ’ ಎಂದರೆ ಮಾತ್ರ ಕರಾರು.

6. ಬಡಗಿ, ಫ್ಯಾಬ್ರಿಕೇಶನ್ ಅಥವಾ ಫರ್ನಿಚರ್ ಅಂಗಡಿಯವರಿಂದ ಕೊಟೇಶನ್ ತೆಗೆದುಕೊಂಡರೆ ಅದರ ಅವಧಿ ನೋಡಿ. ‘15 ದಿನ ಮಾತ್ರ’ ಎಂದಿದ್ದರೆ ಹದಿನಾರನೆಯ ದಿನ ಅದು ಕಾಗದದ ತುಂಡು.

ಮಾರುವವರು ಹೀಗೆ ಮಾಡಿ

1. ಜಾಹೀರಾತಿನಲ್ಲಿ ‘ಇಷ್ಟಕ್ಕೆ ಕೊಡುತ್ತೇನೆ’ ಎನ್ನುವ ಬದಲು ‘ನಿರೀಕ್ಷಿತ ಬೆಲೆ ಇಷ್ಟು’ ಎಂದು ಹಾಕಿ. ಹತ್ತು ಜನ ‘ಒಪ್ಪಿದೆ’ ಎಂದರೆ ಹತ್ತು ಗಾಡಿ ಎಲ್ಲಿಂದ ತರುತ್ತೀರಿ?

2. ಪ್ರಸ್ತಾವ ಮಾಡಿದಾಗಲೆಲ್ಲ ಗಡುವು ಹೇಳಿ, ದಿನದ ಜತೆ ಗಂಟೆಯನ್ನೂ.

3. ಒಬ್ಬರಿಗೆ ಪಕ್ಕಾ ಆದ ನಿಮಿಷದಲ್ಲೇ ಉಳಿದ ಎಲ್ಲರಿಗೂ ‘ಮಾರಾಟವಾಗಿದೆ, ಹಿಂದಿನ ಮಾತು ಹಿಂತೆಗೆದುಕೊಂಡಿದ್ದೇನೆ’ ಎಂದು ಕಳಿಸಿ, ಜಾಹೀರಾತು ತೆಗೆಯಿರಿ.

4. ಗಾಡಿಯಾದರೆ ಕೀ ಕೊಟ್ಟು ಕೈತೊಳೆದುಕೊಳ್ಳಬೇಡಿ. ಫಾರಂ 29ರಲ್ಲಿ ಆರ್‌ಟಿಒಗೆ ತಿಳಿಸಲು ಮಾರಿದವರಿಗೆ 14 ದಿನಗಳ ಗಡುವಿದೆ. ಆರ್‌ಸಿಯಲ್ಲಿ ಹೆಸರು ಬದಲಾಗದ ಗಾಡಿ ಅಪಘಾತ ಮಾಡಿದರೆ ಪರಿಹಾರದ ಹೊಣೆ ದಾಖಲೆಯಲ್ಲಿರುವ ಮಾಲೀಕರದು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ. ಮಾರಿ ವರ್ಷಗಳಾದ ಮೇಲೂ ಈ ಹೊಣೆ ಹುಡುಕಿಕೊಂಡು ಬರಬಹುದು.

5. ಕೊಳ್ಳುವವರು 18 ತುಂಬದ ಹುಡುಗರೇ ಎಂದು ನೋಡಿ. ಅಪ್ರಾಪ್ತರು ಮಾಡಿದ ಕರಾರನ್ನು ಅವರ ಮೇಲೆ ಜಾರಿ ಮಾಡಲು ಬರುವುದಿಲ್ಲ.

ಸಾಮಾನ್ಯವಾಗಿ ಆಗುವ ತಪ್ಪುಗಳು

‘ಟೋಕನ್ ಕೊಟ್ಟವರು ತಪ್ಪಿದರೆ ಟೋಕನ್ ಹೋಯ್ತು, ತಗೊಂಡವರು ತಪ್ಪಿದರೆ ಡಬಲ್ ಕೊಡಬೇಕು’ ಎಂಬ ನಂಬಿಕೆ ನಮ್ಮಲ್ಲಿ ಬಹಳ ಗಟ್ಟಿಯಾಗಿದೆ. ಕರಾರು ಕಾಯ್ದೆಯಲ್ಲಿ ಇಂಥ ಸೂತ್ರವಿಲ್ಲ. ಇಬ್ಬರೂ ಒಪ್ಪಿ ಬರೆದುಕೊಂಡಿದ್ದರೂ 74ನೇ ಕಲಂ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ, ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ನಷ್ಟವೇ ಆಗದಿದ್ದಾಗ ಮುಂಗಡ ನುಂಗಿಹಾಕುವುದು ಸರಿಯಲ್ಲ ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ದಿಲ್ಲಿಯ ನಿವೇಶನ ಹರಾಜಿನ ಪ್ರಕರಣವೊಂದರಲ್ಲಿ ಹೇಳಿದೆ.

‘ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ’ ಎಂಬ ಬಿಲ್ಲಿನ ಮೊಹರನ್ನು ಎರಡೂ ಕಡೆಯವರು ತಪ್ಪಾಗಿ ಓದುತ್ತಾರೆ. ಮನಸ್ಸು ಬದಲಾಯಿತು, ಬಣ್ಣ ಹೊಂದಲಿಲ್ಲ ಎಂಬ ಕಾರಣಕ್ಕೆ ಅಂಗಡಿಯಿಂದ ತಂದ ಸಾಮಾನನ್ನು ಹಿಂದಿರುಗಿಸುವ ಹಕ್ಕು ಕಾನೂನಿನಲ್ಲಿ ಇಲ್ಲ, ಅಂಗಡಿಯವರು ಒಪ್ಪಿದರೆ ಅದು ಅವರ ಸೌಜನ್ಯ. ಆದರೆ ಸಾಮಾನು ದೋಷದ್ದಾಗಿದ್ದರೆ ಆ ಮೊಹರು ಅವರನ್ನು ಕಾಪಾಡುವುದಿಲ್ಲ. ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಹೇಳದಿದ್ದರೆ 30 ದಿನಗಳೊಳಗೆ, ದೋಷವುಳ್ಳ ಸರಕು ವಾಪಸ್ ಪಡೆಯಲು ನಿರಾಕರಿಸುವುದನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ.

ಆನ್‌ಲೈನ್ ಖರೀದಿಯಲ್ಲಿ ಮೊದಲೇ ಟಿಕ್ ಮಾಡಿಟ್ಟ ಚೌಕವನ್ನು ನಿಮ್ಮ ಒಪ್ಪಿಗೆ ಎಂದು ಎಣಿಸುವಂತಿಲ್ಲ. ಕಂಪನಿ ತಾನಾಗಿ ಆರ್ಡರ್ ರದ್ದು ಮಾಡಿದಾಗ ತಾನೂ ಅಂಥದೇ ಶುಲ್ಕ ಹೊರದಿದ್ದರೆ, ನಿಮ್ಮಿಂದ ರದ್ದತಿ ಶುಲ್ಕ ವಸೂಲಿ ಮಾಡುವಂತಿಲ್ಲ. ಎರಡೂ 2020ರ ಇ-ಕಾಮರ್ಸ್ ನಿಯಮಗಳಲ್ಲಿವೆ.

ಹಳೆಯ ಸಾಮಾನು ಮಾರಲು ಜಾಹೀರಾತು ಹಾಕಿದವರಿಗೆ ‘ಮುಂಗಡ ಕಳಿಸ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಎಂದು ಫೋನ್ ಬಂದರೆ ಅದು ಪ್ರಸ್ತಾವವಲ್ಲ, ಮೋಸ. ಹಣ ಬರಲು ಪಿನ್ ಬೇಕಿಲ್ಲ. ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊಟ್ಟ ಮಾತು ಮುರಿದರೆ?

ಕರಾರು ಆಗಿತ್ತು, ಎದುರಿನವರು ತಪ್ಪಿದರು ಎಂದಿಟ್ಟುಕೊಳ್ಳಿ. ಕೂಗಾಡುವ ಮೊದಲು ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆಯಿರಿ, ಇಡೀ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲಿಗೆ ಕಳಿಸಿಕೊಳ್ಳಿ, ಯುಪಿಐ ರಸೀದಿ ಇಟ್ಟುಕೊಳ್ಳಿ. ಆಮೇಲೆ ‘ಇಂತಿಷ್ಟು ದಿನದೊಳಗೆ ಮಾಲು ಕೊಡಿ, ಇಲ್ಲವೇ ಮುಂಗಡ ಹಿಂದಿರುಗಿಸಿ’ ಎಂದು ಸಂಯಮದ ಭಾಷೆಯಲ್ಲಿ ಬರೆಯಿರಿ. ಹೆಚ್ಚಿನ ಜಗಳ ಇಲ್ಲಿಗೇ ತಣ್ಣಗಾಗುತ್ತದೆ.

ಆಗದಿದ್ದರೆ ನೀವು ಕೇಳಬಹುದಾದದ್ದು ನಿಜವಾದ ನಷ್ಟ. 38,000ಕ್ಕೆ ಒಪ್ಪಿದ ಸ್ಕೂಟರ್ ಕೈತಪ್ಪಿ, ಅಂಥದೇ ಇನ್ನೊಂದನ್ನು 41,000 ಕೊಟ್ಟು ಕೊಂಡಿರಿ ಎಂದರೆ ವ್ಯತ್ಯಾಸದ 3,000 ಮತ್ತು ನಿಮ್ಮ ಮುಂಗಡ. ಮನಸ್ಸಿಗೆ ಆದ ನೋವಿಗೆ, ದೂರದ ಕಾಲ್ಪನಿಕ ಲಾಭಕ್ಕೆ ಕರಾರು ಕಾಯ್ದೆಯ 73ನೇ ಕಲಮಿನಲ್ಲಿ ಜಾಗವಿಲ್ಲ.

ತಪ್ಪಿದವರು ಅಂಗಡಿಯವರು ಅಥವಾ ಕಂಪನಿಯಾದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ದಾಖಲಿಸಬಹುದು, ಕಂಪನಿ ಎಲ್ಲಿಯದಾದರೂ ಸರಿ. ಕೊಟ್ಟ ಹಣ 5 ಲಕ್ಷದ ತನಕ ಇದ್ದರೆ ಶುಲ್ಕವಿಲ್ಲ, ವಕೀಲರಿಲ್ಲದೆ ನೀವೇ ವಾದಿಸಬಹುದು. ಕಾಲಮಿತಿ ಎರಡು ವರ್ಷ.

ತಪ್ಪಿದವರು ನಿಮ್ಮಂಥ ಸಾಮಾನ್ಯ ವ್ಯಕ್ತಿ, ತಮ್ಮ ಮನೆಯ ಹಳೆಯ ಸಾಮಾನು ಮಾರಿದವರು ಎಂದಾದರೆ ಗ್ರಾಹಕ ಆಯೋಗಕ್ಕೆ ಹೋಗಲಾಗದು. ಅದು ಸಿವಿಲ್ ವ್ಯಾಜ್ಯ, ಮೂರು ವರ್ಷದೊಳಗೆ ದಾವೆ ಹಾಕಬೇಕು. ಎರಡು ಸಾವಿರದ ಮುಂಗಡಕ್ಕೆ ದಾವೆ ಹೂಡಿ ವರ್ಷಗಟ್ಟಲೆ ಅಲೆಯುವುದು ಯಾರಿಗೂ ಬೇಡ. ಕಾನೂನು ಸೇವಾ ಪ್ರಾಧಿಕಾರದ ಮೂಲಕ, ದಾವೆ ಹಾಕುವ ಮೊದಲೇ ಲೋಕ ಅದಾಲತ್ತಿನಲ್ಲಿ ರಾಜಿಗೆ ಪ್ರಯತ್ನಿಸಬಹುದು, ಅದಕ್ಕೆ ಕೋರ್ಟ್ ಶುಲ್ಕವಿಲ್ಲ. ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಅದರ ಸಹಾಯವಾಣಿ 15100. ಫೋನ್ ಮಾಡುವಾಗ ಕರಾರು ಆದ ದಿನ, ಬೆಲೆ, ಕೊಟ್ಟ ಮುಂಗಡ, ‘ಒಪ್ಪಿದೆ’ ಎಂಬ ಮೆಸೇಜು ಬಂದ ಸಮಯ, ಈ ನಾಲ್ಕನ್ನೂ ಒಂದು ಚೀಟಿಯಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ.